ಲಾಲಸಾಬ ಕಾಕಾ ತೋರಿದ ಸಂದಿ

ಲಾಲಸಾಬ ಕಾಕಾ ಯಾರನ್ನೂ ಎದುರಿನಿಂದ ನೋಡುತ್ತಿರಲಿಲ್ಲ. ಎದುರಾದವರು ಶರಣು ಅನ್ನುವಷ್ಟರಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎದೆಯಿಂದ ಬೆನ್ನಿಗೆ ಎಷ್ಟು ದಪ್ಪ ಇದ್ದಾರೆ ಎಂದು ಕಣ್ಣಲ್ಲೇ ಅಳೆದು, ಆಮೇಲೆ ಮಾತಿಗೆ ನಿಲ್ಲುತ್ತಿದ್ದ. ಹೊಸಬರಿಗೆ ಸಿಟ್ಟು ಬರುತ್ತಿತ್ತು. ನಮ್ಮ ಕರಜಗಿಯ ಹೆಂಗಸರಿಗೆ ಮಾತ್ರ ಅವನ ನೋಟದಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಗೊತ್ತಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಅವನಿಗೂ ಅದೊಂದು ರೂಢಿ.

ಅವನ ಕಸುಬು ಬೀಸುಕಲ್ಲಿನದು. ಬೀಸಿ ಬೀಸಿ ನುಣ್ಣಗಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಮತ್ತೆ ಹರಿತ ಮಾಡಿಕೊಡುತ್ತಿದ್ದ. ಹೆಗಲಿಗೊಂದು ಗೋಣಿಚೀಲ, ಅದರಲ್ಲಿ ನಾಲ್ಕು ಉಳಿ, ಒಂದು ಸುತ್ತಿಗೆ, ಒಂದು ರೊಟ್ಟಿಯ ಗಂಟು. ಆಳಂದದಿಂದ ಜೇವರ್ಗಿಯವರೆಗೆ ಅವನು ಹೊಗದ ಅಡುಗೆಮನೆ ಇರಲಿಲ್ಲ. ಹೆಂಡತಿ ಜೇವರ್ಗಿ ಹತ್ತಿರದ ಇಜೇರಿಯವಳು. ಅಲ್ಲಿಯ ಕಲ್ಲನ್ನೂ ಹೆಂಡತಿಯನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ. "ಆಳಂದದ ಕಲ್ಲು ಮೊಂಡ ಅದ, ಆದ್ರ ಮಾತ ಕೇಳ್ತದ. ಜೇವರ್ಗಿ ಕಡಿ ಕಲ್ಲು ಪದರ ಪದರ ಬಿಚ್ಕೊಂಡ ಬರ್ತದ, ನಮ್ಮ ಬೀಬಿ ಸಿಟ್ಟ ಇದ್ದಂಗ," ಅನ್ನುತ್ತಿದ್ದ. ಆ ಬೀಬಿಯನ್ನು ನಾನು ನೋಡಿದ್ದೇನೆ. ಬಾಯಲ್ಲಿ ಬೆರಳಿಟ್ಟರೆ ಕಚ್ಚದ ಹೆಂಗಸು.

ಜನರ ದಪ್ಪ ಅಳೆಯುವ ಚಟ ಅವನಿಗೆ ಬಂದದ್ದು ಸಂದಿಯಿಂದ. ನಮ್ಮೂರಿನಿಂದ ಹೊಳೆಯ ಕಡೆಗೆ ಒಂದು ಹರದಾರಿ ನಡೆದರೆ ಬರೀ ಬೋಳು ನೆಲ, ಒಂದು ಜಾಲಿಯ ಗಿಡವೂ ನೆಟ್ಟಗೆ ಬೆಳೆಯದ ಕಲ್ಲುಭೂಮಿ. ಆ ನೆಲ ಒಂದು ಕಡೆ ಇದ್ದಕ್ಕಿದ್ದಂತೆ ಸೀಳಿಕೊಂಡಿತ್ತು. ಮಳೆಗಾಲದ ನೀರು ಎಷ್ಟು ಕಾಲದಿಂದ ಕೊರೆದಿತ್ತೋ, ಎರಡಾಳೆತ್ತರದ ಬಂಡೆಗೋಡೆಗಳ ನಡುವೆ ಒಬ್ಬರ ಹಿಂದೊಬ್ಬರು ಹೋಗುವಷ್ಟೇ ದಾರಿ. ಹಾವಿನ ಹಾಗೆ ಹೊರಳಿ ಹೊರಳಿ ಭೀಮಾ ಹೊಳೆಗೆ ಬಿಚ್ಚಿಕೊಳ್ಳುತ್ತಿತ್ತು. ಮೇಲಿನ ಬಾಯಿಯ ಹತ್ತಿರ ಆಸರಮ್ಮನ ಏಳು ಕಲ್ಲುಗಳಿದ್ದವು. ಬಸುರಿಯರನ್ನು ಅಲ್ಲಿಗೆ ಬಯಕೆಯೂಟಕ್ಕೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಆದರೆ ಕಲ್ಲುಗಳಿಗೆ ಅರಿಸಿನ ಕುಂಕುಮ ಹಚ್ಚಿ ಉಂಡು ಬರುತ್ತಿದ್ದರೇ ಹೊರತು ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಇಳಿದು ಹೊಳೆ ಮುಟ್ಟಿದವನು ಲಾಲಸಾಬ ಕಾಕಾ. ಬೀಸುಕಲ್ಲಿಗೆ ಒಳ್ಳೆಯ ಬಂಡೆ ಹುಡುಕುತ್ತ ಎಳೆಯ ವಯಸ್ಸಿನಲ್ಲೇ ಅದರೊಳಗೆ ಓಡಾಡಿದ್ದ. ಹೊಳೆಗೆ ಕಾವಲು ಬಿದ್ದ ಮೇಲೆ, ದಾಟಬೇಕಾದವರು ಅದರಲ್ಲಿ ಹಿಡಿಸುತ್ತಾರೋ ಇಲ್ಲವೋ ಎಂದು ಅಳೆದು, ಕದ್ದು ಅದರೊಳಗಿಂದಲೇ ದಾಟಿಸುತ್ತಿದ್ದ.

ಸ್ವಾತಂತ್ರ್ಯ ಬಂತು ಎಂದು ಹೊಳೆಯ ಆಚೆ ದಂಡೆಯವರು ಹಿಗ್ಗಿದ ವರ್ಷ, ಈಚೆ ದಂಡೆಯ ನಾವು ನಿಜಾಮನ ಸೀಮೆಯಲ್ಲೇ ಉಳಿದೆವು. ನಮ್ಮ ಮನೆಯವರು ತಮ್ಮೂರು ಅತನೂರಿನಲ್ಲಿ ಸ್ವಾತಂತ್ರ್ಯದ ಝಂಡಾ ಏರಿಸಿದ್ದೇ ನೆಪವಾಗಿ ಅವರ ಹೆಸರು ಹಿಡಿಯಬೇಕಾದವರ ಪಟ್ಟಿಗೆ ಹತ್ತಿತು. ಅವರು ಹೊಳೆ ದಾಟಿ ಹೋದರು. ನಾನು ಎರಡು ತಿಂಗಳ ಬಸುರಿ ತವರಿಗೆ ಬಂದು ಕುಳಿತೆ. ಕುಳಿತೆ ಅನ್ನುವುದು ಬರೀ ಮಾತಲ್ಲ. ನಿಜಾಮನ ಕಡೆಯ ಬಂದೂಕಿನವರು ನಮ್ಮ ಅಪ್ಪನ ಮನೆಗೂ ಬರತೊಡಗಿದ ಮೇಲೆ ನಾನು ಹಿತ್ತಲು ಬಿಟ್ಟು ಬೇರೆಲ್ಲೂ ಹೆಜ್ಜೆ ಇಟ್ಟವಳಲ್ಲ. ಅವರ ಸಪ್ಪಳ ಕೇಳಿದರೆ ಹತ್ತಿ ಒಟ್ಟಿದ ಕತ್ತಲೆ ಕೋಣೆಗೆ ನುಗ್ಗಿ, ಹತ್ತಿಯ ಮರೆಯಲ್ಲಿ ಮೂಗು ಮುಚ್ಚಿಕೊಂಡು ನಿಲ್ಲಬೇಕು. ಸೀನು ಬಂದರೆ ನನ್ನ ಗತಿ ಮುಗಿದಂತೆ. ಮಾಘದಲ್ಲಿ ಬಂದವರು ಅಪ್ಪನಿಗೆ ಹೇಳಿಯೇ ಹೋದರು, ಅಳಿಯ ಬರದಿದ್ದರೆ ಹಡೆದ ಮೇಲೆ ಮಗಳನ್ನೂ ಕೂಸನ್ನೂ ಠಾಣೆಗೆ ಒಯ್ಯುತ್ತೇವೆ, ಆಗ ತಾನಾಗಿಯೇ ಬರುತ್ತಾನೆ ಎಂದು. ಹೆರುವುದಕ್ಕಿಂತ ಮೊದಲು ನಾನು ಹೊಳೆ ದಾಟಲೇಬೇಕಿತ್ತು. ದಾಟುವ ಜಾಗಗಳಲ್ಲೆಲ್ಲ ಕಾವಲಿತ್ತು.

ಅದರ ಮರುದಿನ ಕಾಕಾ ಬಂದು ನಮ್ಮ ಬೀಸುಕಲ್ಲಿನ ಮುಂದೆ ಕುಳಿತ. ಅದಕ್ಕೆ ಹದಿನೈದು ದಿನದ ಹಿಂದೆಯಷ್ಟೇ ಕಚ್ಚು ಹೊಡೆದಿದ್ದ. ಮಾತಿಗೊಮ್ಮೆ ಟಕ್ ಟಕ್ ಎಂದು ಸುಳ್ಳುಸುಳ್ಳೇ ಹೊಡೆಯುತ್ತ ಯೋಜನೆ ಹೇಳಿದ. ಯಾರಾದರೂ ಓಣಿಯಲ್ಲಿ ಹಾದುಹೋದರೆ ಜೋರಾಗಿ ಹೊಡೆಯುತ್ತಿದ್ದ.

"ಎಲ್ಲಾರೂ ಕತ್ತಲಾಗ ದಾಟ್ತಾರ, ಎಲ್ಲಾರೂ ಸಿಗತಾರ. ನಾವು ನಡು ಮಧ್ಯಾಹ್ನ ಹೋಗೂಣು. ಸೂರ್ಯ ನೆತ್ತಿ ಮ್ಯಾಲ ಬಂದಾಗಷ್ಟ ಸಂದಿ ತಳಕ್ಕ ಬೆಳಕ ಬೀಳ್ತದ, ಕಾಲ ಎಲ್ಲಿ ಇಡಬೇಕಂತ ಕಾಣ್ತದ. ಕಾವಲಿನವ್ರು ಉಂಡು ನೆಳ್ಳಿಗಿ ಮಲಗಿರ್ತಾರ. ಪಡುವಣಕ್ಕ ಮೋಡ ಇದ್ರ ನಾ ಬರೂದಿಲ್ಲ, ಮಳಿ ಎಲ್ಲೋ ಬಿದ್ರೂ ನೀರು ಸಂದಿಗೇ ಬರ್ತದ. ಒಳಗ ಹೋದ ಮ್ಯಾಲ ಇನ್ನೆಷ್ಟ ದೂರ ಅಂತ ನನ್ನ ಕೇಳಬ್ಯಾಡ್ರಿ."

ನೆಪ ಬಯಕೆಯೂಟ. ಎಂಟು ಹೆಂಗಸರು ಬಂಡಿಯಲ್ಲಿ ಹೋಗುವುದು, ಎಂಟು ಹೆಂಗಸರು ತಿರುಗಿ ಬರುವುದು. ಬೆಳಿಗ್ಗೆಯೇ ಕುಳ್ಳು ಆರಿಸುವ ನೆಪದಲ್ಲಿ ಅಲ್ಲಿಗೆ ಹೋಗಿ ಕಾದಿರುವ ನನ್ನ ಚಿಕ್ಕಮ್ಮ, ಬರುವಾಗ ನನ್ನ ಹಸಿರು ಸೀರೆ ಉಟ್ಟು ಹೊಟ್ಟೆಗೆ ಕೌದಿ ಕಟ್ಟಿಕೊಂಡು ಬಂಡಿ ಹತ್ತಬೇಕು. ಇಷ್ಟೆಲ್ಲ ಹೇಳಿ ಕಾಕಾ ಎದ್ದು ಮೂಲೆಯ ಸಂದೂಕವನ್ನು ಗೋಡೆಯ ಕಡೆಗೆ ದಬ್ಬಿದ. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ನಾಲ್ಕು ಬೆರಳು ಬಿಟ್ಟ. ಸಂದಿಯ ಅತಿ ಇಕ್ಕಟ್ಟಿನ ಜಾಗಕ್ಕೆ ಅವನು ಗಂಟಲು ಅನ್ನುತ್ತಿದ್ದ. ಅದರ ಅಗಲ ಅಷ್ಟೇ. "ಹಾಯ್ದು ಬಾ ನೀಲವ್ವಾ." ಉಸಿರು ಹಿಡಿದು ಅಡ್ಡಲಾಗಿ ಹಾಯ್ದೆ. ಏಳನೆಯ ತಿಂಗಳ ಹೊಟ್ಟೆ ಸಂದೂಕಕ್ಕೆ ತಾಗಿತು, ಆದರೆ ಹಾಯ್ದೆ. ಹಿಂದೊಮ್ಮೆ ಇದೇ ಸಂದೂಕದ ಮರೆಯಲ್ಲಿ ಕಾಳಿನ ವ್ಯಾಪಾರಿಯೊಬ್ಬ ಸಿಕ್ಕಿಬಿದ್ದು, ಕಾಕಾ ಅವನನ್ನು ಎಳೆದು ತೆಗೆದು, "ಸಾಹುಕಾರ್ರ, ಹದಿನೈದ ದಿನ ಬರೇ ಮಜ್ಜಿಗಿ ಕುಡೀರಿ, ಆಮ್ಯಾಲ ಬರ್ರಿ," ಎಂದು ಕಳಿಸಿದ್ದ. ಆ ಮನುಷ್ಯ ನಿಜಕ್ಕೂ ಮಜ್ಜಿಗೆ ಕುಡಿದು ಬಂದು ದಾಟಿ ಹೋಗಿದ್ದ.

"ಶುಕ್ರವಾರ ಹೋಗೂಣು," ಅಂದ ಕಾಕಾ.

ಅಲ್ಲಿ ಎದ್ದಳು ನಮ್ಮ ಆಯಿ, ಅಪ್ಪನ ತಾಯಿ. ತಾಯಿಯಿಲ್ಲದ ನನಗೆ ಅವಳೇ ತಾಯಿ, ಮನೆಗೆ ಅವಳೇ ಸರಕಾರ. ಶುಕ್ರವಾರ ಅಮಾವಾಸ್ಯೆ. ಅದು ಕಳೆದರೆ ಎಂಟನೆಯ ತಿಂಗಳು ಹತ್ತುತ್ತದೆ. ಕುಬಸವಾಗಲಿ ಬಯಕೆಯೂಟವಾಗಲಿ ಐದು, ಏಳು, ಒಂಬತ್ತರಲ್ಲಿ ಮಾಡಬೇಕು. ಎಂಟರಲ್ಲಿ ಯಾರೂ ಮಾಡುವುದಿಲ್ಲ.

"ಆಯೀ, ಕಲ್ಲಿಗಿ ತಿಂಗಳ ಗೊತ್ತಾಗೂದಿಲ್ರಿ," ಅಂದ ಕಾಕಾ.

"ಕಲ್ಲಿಗಿ ಗೊತ್ತಾಗೂದಿಲ್ಲ, ಓಣ್ಯಾನ ಹೆಂಗಸ್ರಿಗಿ ಗೊತ್ತಾಗ್ತದ. ಅಮಾಸಿ ದಿನ ಬಸುರಿನ್ನ ಹೊರಗ ಹೊಂಡಸ್ತೇನಿ ಅಂದ್ರ ಯಾವಕಿ ಬಂಡಿ ಹತ್ತಾಳ?"

ಅಪ್ಪನಿಗೆ ಆ ಮಾತು ಸರಿ ಅನ್ನಿಸಿತು. ಪದ್ಧತಿ ತಪ್ಪಿದರೆ ಮೊದಲು ಅನುಮಾನ ಬರುವುದು ಊರಿಗೇ. ಕಾಕಾ ತಲೆ ಕೆರೆದುಕೊಂಡು ಒಪ್ಪಿದ. ಒಂಬತ್ತಕ್ಕೆ ಬಿದ್ದ ಮೊದಲ ಸೋಮವಾರ ಎಂದು ಗೊತ್ತುಮಾಡಿದರು. ಅಲ್ಲಿಯವರೆಗೆ ನಾನು ಹತ್ತಿಯ ಕೋಣೆಯಲ್ಲಿ ಇನ್ನಷ್ಟು ದಿನ ಬೆವತೆ. ಹೊರಡುವ ಹಿಂದಿನ ದಿನ ಕಾಕಾ ಮತ್ತೊಮ್ಮೆ ಸಂದೂಕ ದಬ್ಬಲು ಹೋದಾಗ ಆಯಿ ಅಡ್ಡ ನಿಂತಳು. ತುಂಬಿದ ಬಸುರಿಯನ್ನು ಅಳೆಯಬಾರದಂತೆ, ದೃಷ್ಟಿ ತಾಗುತ್ತದಂತೆ. ಕಾಕಾ ನನ್ನ ಪಕ್ಕಕ್ಕೆ ಬಂದು ನಿಂತ, ಬಹಳ ಹೊತ್ತು ನೋಡಿದ. ಚೀಲಕ್ಕೆ ಇನ್ನೊಂದು ಉಳಿ ಹಾಕಿಕೊಂಡ.

ಸೋಮವಾರ ಎಲ್ಲವೂ ಅವನು ಹೇಳಿದ ಹಾಗೆಯೇ ನಡೆಯಿತು. ಮನೆ ಖಾಲಿ ಕಾಣಬಾರದೆಂದು ಅಪ್ಪ ಊರಲ್ಲೇ ಉಳಿದ. ಆಸರಮ್ಮನ ಮುಂದೆ ಹೆಂಗಸರು ಬುತ್ತಿ ಬಿಚ್ಚಿದರು. ನಾನು ಸೀರೆ ಬದಲಾಯಿಸಿ, ಕೈತುಂಬ ಇದ್ದ ಹಸಿರು ಬಳೆ ಒಡೆಯಬಾರದೆಂದು ಅರಿವೆ ಸುತ್ತಿಕೊಂಡು ಸಂದಿಗೆ ಇಳಿದೆ. ಕಾಕಾ ಮುಂದೆ, ಆಯಿ ಹಿಂದೆ. ಆಯಿ ಕಡ್ಡಿಯಂಥವಳು, ಅವಳಿಗೆ ಯಾವ ಸಂದಿಯೂ ಲೆಕ್ಕಕ್ಕಿಲ್ಲ. ಮೇಲೆ ನೋಡಿದರೆ ಆಕಾಶ ಒಂದು ದಾರದಷ್ಟು. ಗೋಡೆಗಳು ತಣ್ಣಗೆ, ನುಣ್ಣಗೆ, ಅಲೆ ಅಲೆಯಾಗಿದ್ದವು. ಇನ್ನೆಷ್ಟು ದೂರ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ಗಂಟಲಿನಲ್ಲಿ ನಾನು ಸಿಕ್ಕಿಕೊಂಡೆ.

ಎದೆ ಹಾಯ್ದಿತ್ತು, ಹೊಟ್ಟೆ ಹಾಯಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆನ್ನಿಗೆ ಒಂದು ಬಂಡೆ, ಹೊಟ್ಟೆಗೆ ಒಂದು ಬಂಡೆ, ನಡುವೆ ಕೂಸು ಒದೆಯುತ್ತಿತ್ತು. ಉಸಿರು ತೆಗೆದುಕೊಂಡಷ್ಟೂ ಕಲ್ಲು ಬಿಗಿಯಿತು. ನಾನು ಇಲ್ಲೇ ಸಾಯುತ್ತೇನೆ ಅಂದುಕೊಂಡೆ. ಇಷ್ಟು ವರ್ಷಗಳಾದರೂ ಕಿರಿದಾದ ಬಾಗಿಲಲ್ಲಿ ಯಾರಾದರೂ ನನ್ನ ಜೊತೆ ಹಾಯ್ದರೆ ಮೈ ಬೆವರುತ್ತದೆ.

"ಎಳೀ ಅಕಿನ್ನ," ಅಂದಳು ಆಯಿ ಹಿಂದಿನಿಂದ.

"ಎಳದ್ರ ಇಬ್ರೂ ಹೋಗ್ತಾರ," ಅಂದ ಕಾಕಾ. ನನ್ನ ಕಡೆ ತಿರುಗಿ ಮೆಲ್ಲಗೆ, "ನೀಲವ್ವಾ, ಫಿಕರ್ ಮಾಡಬ್ಯಾಡ. ನೀ ಬೀಸುಕಲ್ಲಿನ ಮುಂದ ಕೂತೀದಿ ಅಂತ ತಿಳಕೊ. ಅರ್ಧ ಉಸುರು ತಗೊ, ಪೂರಾ ಬಿಡು," ಅಂದ. ಚೀಲದಿಂದ ಉಳಿ ತೆಗೆದ.

ಆ ಸಂದಿಗೆ ಅವನು ಎಂದೂ ಉಳಿ ಮುಟ್ಟಿಸಿರಲಿಲ್ಲ. ಒಳಗೆ ಒಂದು ಹರಳು ಬಿದ್ದರೂ ಹೊಳೆಯ ತನಕ ಕೇಳುತ್ತದೆ, ಹೊಳೆಯಲ್ಲಿ ಕಾವಲಿದೆ. ಅದು ಆಯಿಗೂ ತಿಳಿಯಿತು. ಅವಳು ಗೋಡೆಗೆ ಕೈ ಕೊಟ್ಟು, ತನ್ನ ಒಡಕು ದನಿಯಲ್ಲಿ ಜೋರಾಗಿ ಕುಬಸದ ಹಾಡು ಎತ್ತಿದಳು. ಮೇಲಿದ್ದ ಹೆಂಗಸರಿಗೆ ಏನು ಅರ್ಥವಾಯಿತೋ, ಅವರೂ ದನಿ ಕೂಡಿಸಿದರು. ಆ ಹಾಡಿನ ತಾಳಕ್ಕೆ ಏಟು ಸೇರಿಸಿ ಕಾಕಾ ಬಂಡೆ ಕೆತ್ತಿದ. ಉಳಿ ಜಾರಿದರೆ ನನಗೆ ತಾಗಬಾರದೆಂದು ಎಡಗೈಯ ಅಂಗೈಯನ್ನು ನನ್ನ ಹೊಟ್ಟೆಗೂ ಕಲ್ಲಿಗೂ ನಡುವೆ ತೂರಿಸಿ, ಅದೇ ಕೈಯ ಎರಡು ಬೆರಳಲ್ಲಿ ಉಳಿ ಹಿಡಿದಿದ್ದ. ಚೂರುಗಳು ಅವನ ಕೈಗೇ ಸಿಡಿಯುತ್ತಿದ್ದವು. ನನ್ನ ಸೀರೆ ಒದ್ದೆಯಾಯಿತು. ಬೆವರು ಅಂದುಕೊಂಡಿದ್ದೆ, ಅದು ಅವನ ರಕ್ತ.

ಬಿಸಿಲು ಗೋಡೆ ಹತ್ತಿ ಹೋಗುವಷ್ಟರಲ್ಲಿ ನಾಲ್ಕು ಬೆರಳಿನಷ್ಟು ಕಲ್ಲು ಉದುರಿತ್ತು. "ಈಗ ಬಿಡು ಉಸುರು," ಅಂದ. ಬಿಟ್ಟೆ. ಹಾಯ್ದೆ.

ಹೊಳೆಯ ಬಾಯಿಯಲ್ಲಿ ಮೊಣಕಾಲುದ್ದ ನೀರು. ಆಚೆ ದಂಡೆಯಲ್ಲಿ ನಮ್ಮ ಮನೆಯವರು ಇಬ್ಬರನ್ನು ಕಳಿಸಿದ್ದರು. ಕಾಕಾ ಅಂಗೈಯನ್ನು ನೀರಿನಲ್ಲಿ ಅದ್ದಿ ಅರಿವೆ ಸುತ್ತಿಕೊಂಡ. ನನಗೆ ಅಳು ತಡೆಯಲಾಗಲಿಲ್ಲ.

"ನೀವೂ ಬೀಬಿನ್ನ ಕರಕೊಂಡು ಬಂದಬಿಡ್ರಿ ಕಾಕಾ. ನಿಮ್ಮವ್ರಿಗೇ ಗೊತ್ತಾದ್ರ ಬಿಡ್ತಾರೇನು?"

"ನಾ ಬಂದ್ರ ಇಲ್ಲಿ ಕಲ್ಲ ಯಾರು ನೋಡ್ತಾರ?" ಎಂದು ನಕ್ಕ. "ನಮ್ಮವ್ರು ಯಾರು, ನಿಮ್ಮವ್ರು ಯಾರು ಅಂತ ನಾ ಇನ್ನಾ ಅಳದಿಲ್ಲವ್ವ. ಹಡದ ಮ್ಯಾಲ ಕೂಸಿನ್ನ ತಂದು ತೋರಸು. ಅದು ಎಷ್ಟ ದಪ್ಪ ಅದ, ನೋಡಬೇಕು."

ಆಯಿಯನ್ನು ಕರೆದುಕೊಂಡು ಅವನು ಸಂದಿಯೊಳಗೆ ತಿರುಗಿದ. ಅದೇ ನಾನು ಅವನನ್ನು ಕಡೆಯ ಸಲ ನೋಡಿದ್ದು.

ಆಚೆ ಊರಲ್ಲಿ ಹೆಣ್ಣು ಹಡೆದೆ. ಭಾದ್ರಪದದಲ್ಲಿ ಫೌಜು ಬಂತು, ನಿಜಾಮನ ರಾಜ್ಯ ನಾಲ್ಕೇ ದಿನದಲ್ಲಿ ಮುಗಿಯಿತು. ನಾವು ಪೇಡೆ ಹಂಚಿದೆವು. ಆ ಮೇಲಿನ ದಿನಗಳಲ್ಲಿ ಈಚೆ ದಂಡೆಯ ಊರುಗಳಲ್ಲಿ ಏನೇನು ನಡೆಯಿತು ಎಂಬುದನ್ನು ನಮಗೆ ಯಾರೂ ನೆಟ್ಟಗೆ ಹೇಳಲಿಲ್ಲ. ದೀಪಾವಳಿಗೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಬಂದೆ. ಬಂಡಿ ಇಳಿದವಳೇ ಕಾಕಾನ ಮನೆಗೆ ಹೋಗಿ ಬರುತ್ತೇನೆ ಅಂದೆ. ಆಯಿ ಒಳಗೆ ಎದ್ದು ಹೋದಳು. ಅವಳು ಅಪ್ಪನ ಜೊತೆ ಮಾತು ಬಿಟ್ಟು ಆಗಲೇ ಒಂದೂವರೆ ತಿಂಗಳಾಗಿತ್ತು; ಅದು ನನಗೆ ಗೊತ್ತಿರಲಿಲ್ಲ.

"ಮನಿ ಇಲ್ಲವ್ವ," ಅಂದ ಅಪ್ಪ. "ಸುಟ್ಟದ."

ಅಪ್ಪ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮುಖವನ್ನೇ ನೋಡುತ್ತ ಹೇಳಿದ. ಸಾಬರ ಮನೆಗಳನ್ನು ಹುಡುಕುತ್ತಿದ್ದ ದಿನ ಕಾಕಾ ಬೀಬಿಯ ಕೈ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದನಂತೆ. ಮುಂದಿನ ಕಟ್ಟೆಯ ಮೇಲೆ ಕೊಡಲಿ ಹಿಡಿದವರು ನೀರು ಕೇಳಿ ಕುಡಿಯುತ್ತ ಕುಳಿತಿದ್ದರಂತೆ. ಅವರ ಹೆಸರುಗಳನ್ನು ಅಪ್ಪ ಹೇಳಿದ. ನಾನು ಬರೆಯುವುದಿಲ್ಲ; ಅವರ ಮೊಮ್ಮಕ್ಕಳು ಈಗಲೂ ನನ್ನ ಕಾಲಿಗೆ ಬೀಳುತ್ತಾರೆ. ಆಯಿ ಬಾಗಿಲು ತೆಗೆ ಎಂದು ಅಪ್ಪನ ರಟ್ಟೆ ಹಿಡಿದು ಜಗ್ಗಿದಳಂತೆ. ಅಪ್ಪ ಒಳಗಿನಿಂದ ಅಗಳಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದನಂತೆ, ತೆಗೆಯಲಿಲ್ಲವಂತೆ.

"ಎಷ್ಟ ಹೊತ್ತ ಕರದ್ರು?" ಎಂದು ಕೇಳಿದೆ. ಅದನ್ನೇ ಯಾಕೆ ಕೇಳಿದೆನೋ ತಿಳಿಯದು.

"ಭಾಳ ಹೊತ್ತ ಇಲ್ಲವ್ವ. ಅಣ್ಣಾ, ನಾ ಲಾಲಸಾಬ ಅದೇನ್ರಿ, ಅಂತ ಎರಡ ಸಲ ಅಂದ. ಮೂರನೇ ಸಲ ಅನಲಿಲ್ಲ. ಅಂವಗ ತಿಳೀತು."

ಅಲ್ಲಿಂದ ಕಾಕಾ, ಬೀಬಿ ಎಲ್ಲಿಗೆ ಹೋದರು, ಏನಾದರು ಎಂದು ಇಜೇರಿಯ ತನಕ ಜನ ಕಳಿಸಿ ಕೇಳಿಸಿದೆ. ಯಾರೂ ನೋಡಿದವರಿಲ್ಲ. ಅವತ್ತು ಅಪ್ಪ ಮಾತು ಮುಗಿಸಿ ತಲೆ ಎತ್ತಿದಾಗ ಕೂಸು ಅವನ ಬೆರಳು ಹಿಡಿದುಕೊಂಡು ನಗುತ್ತಿತ್ತು. ನಾನು ಆ ಬೆರಳು ಬಿಡಿಸಿ ಮಗಳನ್ನು ಎತ್ತಿಕೊಂಡೆ.