ಡೋಲಿಯ ಬಿದಿರು

ಅಣ್ಣನ ಬಲಗೈ ಮಣಿಕಟ್ಟಿನ ಸುತ್ತ ಒಂದು ಕೆಂಪು ಗೆರೆ ಇರುತ್ತಿತ್ತು. ಮೊಹರಮ್ಮಿನಲ್ಲಿ ಕಟ್ಟಿಕೊಂಡ ಲಾಡಿಯ ಬಣ್ಣ ಬೆವರಿಗೆ ಬಿಟ್ಟು ಚರ್ಮಕ್ಕೆ ಹತ್ತುತ್ತಿತ್ತು. ದಾರ ಹರಿದು ಬಿದ್ದ ಮೇಲೂ ಎಷ್ಟೋ ದಿನ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಬಿಳಿ ಬಟ್ಟೆಯ ತಾನನ್ನು ಗಿರಾಕಿಯ ಮುಂದೆ ಬಿಚ್ಚಿ ಹಾಸುವಾಗ ಆ ಗೆರೆ ಎದ್ದು ಕಾಣುತ್ತಿತ್ತು. ಕೈಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ, "ಬೇಡಿ ಹಾಕಿದ್ರು, ಬಿಡಿಸ್ಕೊಂಡು ಬಂದೀನ್ರಿ" ಎಂದು ನಗುತ್ತಿದ್ದ.

ಲಾಡಿ ಅಂದರೆ ಮೊಹರಮ್ಮಿನ ಹರಕೆಯ ದಾರ. ಧಾರವಾಡ ಕಡೆಯ ನಮ್ಮ ಹಳ್ಳಿಯಲ್ಲಿ ಮುಸಲ್ಮಾನರ ಮನೆಗಳು ಕಡಿಮೆ, ಆದರೆ ಮೊಹರಮ್ ಊರಿಗೆಲ್ಲ ಹಬ್ಬ. ಅವ್ವನಿಗೆ ಮೊದಲ ಕೂಸುಗಳು ಉಳಿಯಲಿಲ್ಲ. ಅಣ್ಣ ಹೊಟ್ಟೆಯಲ್ಲಿದ್ದಾಗ ಮೊಹರಮ್ಮಿನ ಅಲಾಯಿ ದೇವರ ಮುಂದೆ ನಿಂತು, ಇದೊಂದು ಉಳಿದರೆ ನಿನ್ನ ಫಕೀರ ಎಂದು ಬೇಡಿಕೊಂಡಳು. ಉಳಿದ. ಅಂಥ ಹಿಂದೂ ಹುಡುಗರು ನಮ್ಮ ಕಡೆ ಓಣಿಗೊಬ್ಬರು. ಹೆಸರಿನಲ್ಲೇ ಫಕೀರನನ್ನು ಸೇರಿಸಿ ಇಡುತ್ತಾರೆ. ಹಬ್ಬದಲ್ಲಿ ಲಾಡಿ ಕಟ್ಟಿಕೊಂಡು, ಚೊಂಗೆಯ ಸಿಹಿ ರೊಟ್ಟಿ ತಿಂದು, ಡೋಲಿಯ ಮುಂದೆ ಕುಣಿದು, ಶನಿವಾರ ಬಂತೆಂದರೆ ಹಣಮಪ್ಪನ ಗುಡಿಗೆ ಎಣ್ಣೆ ಒಯ್ಯುತ್ತಾರೆ. ಇದರಲ್ಲಿ ಏನೋ ತೊಡಕಿದೆ ಎಂದು ನನಗೆ ಗೊತ್ತಾದದ್ದು ಪುಣೆಗೆ ಬಂದ ಮೇಲೆ.

ಅಣ್ಣ ನನಗಿಂತ ಮೊದಲೇ ಪುಣೆಗೆ ಬಂದಿದ್ದ. ಬಿಳಿಯರ ದಂಡಿರುವ ಕ್ಯಾಂಪಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅತ್ತಿಗೆ ಬಾಣಂತಿತನದಲ್ಲಿ ಹೋದ ಮೇಲೆ ಇನ್ನೊಂದು ಮದುವೆ ಒಲ್ಲೆನೆಂದು, ಅಂಗಡಿಗೆ ಹೊಲಿದುಕೊಡುತ್ತಿದ್ದ ಮುಸಲ್ಮಾನ ದರ್ಜಿಯೊಬ್ಬನ ಮನೆಯ ಮುಂದಿನ ಖೋಲಿ ಹಿಡಿದಿದ್ದ. ಆ ದರ್ಜಿಯೂ ಪ್ರತಿ ವರ್ಷ ಡೋಲಿ ಕಟ್ಟುವವನು. ಬಿದಿರಿನ ಚೌಕಟ್ಟಿಗೆ ಬಣ್ಣದ ಕಾಗದ, ಬೇಗಡೆ ಹಚ್ಚಿ ಗೋಪುರದ ಹಾಗೆ ಎತ್ತರಿಸಿ ಮೆರವಣಿಗೆಯಲ್ಲಿ ಹೊರುತ್ತಾರಲ್ಲ, ಅದೇ ಡೋಲಿ. ಪುಣೆಯವರು ತಾಬೂತ ಎನ್ನುತ್ತಾರೆ.

ರವಿವಾರ ಅಂಗಡಿ ಮುಚ್ಚಿದಾಗ ನಮ್ಮ ಮನೆಗೆ ಬರುತ್ತಿದ್ದ. ಹೊಸ್ತಿಲಲ್ಲೇ, "ತಂಗೆವ್ವಾ, ನೀ ರೊಟ್ಟಿ ಬಡಿಯೂ ಸಪ್ಪಳ ಕ್ಯಾಂಪಿನ ತನಕಾ ಕೇಳಿಸ್ತು, ಅದಕ್ಕ ಬಂದೆ" ಎನ್ನುವನು. ಕೂತಲ್ಲಿ ಕೈ ಸುಮ್ಮನಿರುತ್ತಿರಲಿಲ್ಲ. ನನ್ನ ಸೆರಗನ್ನು ಬೆರಳಲ್ಲಿ ಉಜ್ಜಿ, ನೂಲು ಎಂಥದು, ಎಷ್ಟು ಒಗೆತ ತಾಳುತ್ತದೆ ಎಂದು ಹೇಳಲೇಬೇಕು. ಅರಿವೆ ಹರಿಯುವಾಗ ಅಂಚನ್ನು ಹಲ್ಲಿನಿಂದ ಒಂಚೂರು ಕಚ್ಚಿ, ಆಮೇಲೆ ಒಂದೇ ಸೆಳೆತ. ಆ ಸದ್ದಿಗೆ ನನ್ನ ಮಗಳು ಕುಣಿಯುತ್ತಿದ್ದಳು.

ಒಂದು ರವಿವಾರ ಬಂದವನು ರೊಟ್ಟಿ ಮುಟ್ಟಲಿಲ್ಲ. "ನಿನ್ನೆ ಒಂದು ಹೊಲಸು ಕೆಲಸಾ ಮಾಡಿದೆ" ಎಂದ. ಅಂಗಡಿಗೆ ಬಂದ ಗೋರಾ ಸಾಹೇಬನೊಬ್ಬ ಗಿರಾಕಿಗಳ ಎದುರಿಗೇ ಸೇಠನಿಗೆ ಬೈದನಂತೆ. ಸೇಠ ಕೈಕಟ್ಟಿ ನಿಂತ. ಸಾಹೇಬ ಹೋದ ಮೇಲೆ ಬಟ್ಟೆ ಮಡಿಚಿದ್ದು ಸರಿಯಿಲ್ಲವೆಂದು ಅಣ್ಣನಿಗೆ ಬೈದ. ಅಣ್ಣ ಹಿಂದಿನ ಗೋದಾಮಿಗೆ ಹೋದ. ಅಲ್ಲಿ ಹಮಾಲ ಮೂಟೆ ಇಳಿಸುತ್ತಿದ್ದ. ಸದ್ದು ಯಾಕೆ ಮಾಡುತ್ತೀ ಎಂದು ಅವನ ಕೆನ್ನೆಗೆ ಹೊಡೆದುಬಿಟ್ಟ.

"ಅವನ ಮಾರಿ ನೋಡಿದೆ ತಂಗೆವ್ವಾ. ಈ ಏಟು ನಂದಲ್ಲ ಅಂತ ಅವಗ ಗೊತ್ತಿತ್ತು. ಸಾಹೇಬಂದದು. ನಾ ಬರೇ ತಲಪಿಸಿದೆ. ಸಂಜಿಗೆ ಹೋಗಿ, ನೀನೂ ನನಗ ಒಂದು ಹೊಡೀಪಾ, ಮುಗದು ಹೋಗಲಿ ಅಂದೆ. ನಕ್ಕಾ. ನಿಮಗ್ಯಾಕ ಹೊಡೀಲ್ರಿ, ಮನ್ಯಾಗ ಹೇಣ್ತಿ ಅದಾಳಲ್ಲಾ ಅಂದಾ."

ಅಂದಿನಿಂದ ಯಾರು ಯಾರಿಗೆ ಬೈದರೂ ಅಣ್ಣ ಮೊದಲು ಕೇಳುತ್ತಿದ್ದದ್ದು ಒಂದೇ: "ಇಂವಗ ಬೈದವರು ಯಾರು?"

ನಾನು ಕಲಿತದ್ದು ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ. ಮದುವೆಯಾಗಿ ಬಂದದ್ದು ಪೇಟೆಯ ಒಂದು ವಾಡೆಗೆ. ನಡುವೆ ಚೌಕ, ಸುತ್ತ ಬಿಡಾರಗಳು, ಎಲ್ಲರಿಗೂ ಸೇರಿ ಒಂದು ನಳ. ವಾಡೆಯ ಮಾಲಕರು ವಕೀಲರು. ಅವರ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ನನ್ನ ಯಜಮಾನರು ಕಚೇರಿಯ ಕಾರಕೂನರು, ಯಾರ ತಂಟೆಗೂ ಹೋಗದವರು. ನನ್ನ ಮರಾಠಿ ಆ ಹೆಂಗಸರಿಗೆ ಒಂದು ಆಟ. ನಳದ ಮುಂದೆ ನಾನು ಬಾಯಿ ತೆರೆದರೆ, "ಕಾನಡೀ ಬೋಲಲೀ!" ಎಂದು, ಕನ್ನಡದವಳು ಬಾಯಿಬಿಟ್ಟಳು ಎಂದು, ಒಬ್ಬರನ್ನೊಬ್ಬರು ತಿವಿಯುವರು. ನನ್ನ "ಹೌದ್ರಿ"ಯನ್ನು ಮೂಗಿನಲ್ಲಿ ಅಣಕಿಸುವರು. ಆ ವಾಡೆಯಲ್ಲಿ ನನಗೆ ಹೆಸರಿರಲಿಲ್ಲ, ನಾನು ಕಾನಡಿ. ಸಂಕ್ರಾಂತಿಯ ಹಳದಿಕುಂಕುಮಕ್ಕೆ ನನ್ನನ್ನು ಕರೆಯುತ್ತಿದ್ದರು, ಎಲ್ಲರಿಗೂ ಕೊಟ್ಟಾದ ಮೇಲೆ. ಮನೆಗೆ ಬಂದು ಅಳುತ್ತಿದ್ದೆ, ಮಗಳಿಗೆ ಹೊಡೆಯುತ್ತಿದ್ದೆ.

ಯುದ್ಧದ ಕಾಲಕ್ಕೆ ರೇಷನ್ ಬಂತು. ಹುಳ ಹಿಡಿದ ಜೋಳಕ್ಕೆ ಬೆಳಗಿನಿಂದ ಸರದಿಯಲ್ಲಿ ನಿಂತು ಬರುತ್ತಿದ್ದೆವು. ಯುದ್ಧ ಮುಗಿದರೂ ಸರದಿ ಮುಗಿಯಲಿಲ್ಲ. ಅಂಗಡಿಯವನಿಗೆ ಬೈದರೆ ಕಾಳು ಸಿಗುವುದಿಲ್ಲ, ಸರಕಾರಕ್ಕೆ ಬೈದರೆ ಕೇಳುವವರಿಲ್ಲ. ಅಷ್ಟರಲ್ಲಿ ದೂರದ ಊರುಗಳಿಂದ ಗಲಭೆಯ ಸುದ್ದಿಗಳು ಬರತೊಡಗಿದವು. ವಾಡೆಯ ಚೌಕದಲ್ಲಿ ಮಾತೆಲ್ಲ ಮುಸಲ್ಮಾನರದೇ ಆಯಿತು. ಜೋಳ ಇಲ್ಲದ್ದಕ್ಕೂ ಅವರೇ ಕಾರಣ, ಸೀಮೆಎಣ್ಣೆ ಇಲ್ಲದ್ದಕ್ಕೂ ಅವರೇ. ನನಗೆ ಒಂದು ದಿನ ಹೊಳೆಯಿತು: ಎಷ್ಟೋ ದಿನಗಳಿಂದ ನನ್ನ ಮರಾಠಿಗೆ ಯಾರೂ ನಕ್ಕಿಲ್ಲ. ಅವರು "ಆಪಣ" ಅನ್ನುವಾಗ, ನಾವು ಅನ್ನುವಾಗ, ಅದರಲ್ಲಿ ನಾನೂ ಸೇರಿದ್ದೆ. ಅವರ ಅಣಕ ಕಲಿತ ಬಾಯಿಗೆ ಬೇರೆ ಮೇವು ಸಿಕ್ಕಿತ್ತು, ಅಷ್ಟೇ. ಅದು ತಿಳಿದೂ ನನಗೆ ಸಂತೋಷವಾಯಿತು. ಈ ಸಂತೋಷವನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಅದೇ ಕಾಕೂ ಬಳೆ ಇಡಿಸಿಕೊಳ್ಳುತ್ತಿದ್ದದ್ದು ಮುಸಲ್ಮಾನ ಮಣಿಯಾರನ ಕೈಯಿಂದ. ಅವನು ಬಂದರೆ ಚೌಕದಲ್ಲಿ ಚಾಪೆ ಹಾಸುವರು, ಚಹಾ ಕೊಡುವರು. "ಇವನು ಅವರಂತಲ್ಲ, ನಮ್ಮವನು" ಎನ್ನುವರು. ಅಣ್ಣನಿಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕೂಗ ಗೊತ್ತಿರೋ ಮುಸಲ್ಮಾನ ಅವ ಒಬ್ಬನ. ಅವ ಚೊಲೋ ಅದಾನ. ಆಕಿ ಕಣ್ಣಿಂದ ನೋಡದವರೆಲ್ಲಾ ಕೆಟ್ಟವರು. ಇನ್ನೊಬ್ಬನ ಕರಕೊಂಡು ಬರಲೇನು? ಅವನೂ ಚೊಲೋ ಆಗ್ತಾನ."

ನಾನು ನಗಲಿಲ್ಲ. "ಮೆಲ್ಲಕ ಮಾತಾಡಣ್ಣಾ, ಮಂದಿ ಕೇಳ್ತಾರ" ಎಂದೆ. ದರ್ಜಿಯ ಹೆಂಡತಿ ಅವನ ಕೈಯಲ್ಲಿ ಕೊಟ್ಟುಕಳಿಸಿದ್ದ ತಿಂಡಿಯ ಗಂಟನ್ನು ಯಾರ ಕಣ್ಣಿಗೂ ಬೀಳದಂತೆ ಅಡುಗೆಮನೆಯ ಮೂಲೆಗೆ ಸರಿಸಿದೆ.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಮೊಹರಮ್ ಬಂತು. ಅಣ್ಣ ಉಬ್ಬಿಹೋಗಿದ್ದ. "ಈ ಸಲ ಡೋಲಿ ಭಾಳ ದೊಡ್ಡದು. ದರ್ಜಿ ಹಿತ್ತಲದಾಗ ಬಿದಿರ ಕೂಡಿಸ್ಯಾನ, ಕಾಲಿಡಾಕ ಜಾಗಾ ಇಲ್ಲ. ಮಗಳನ ಕರಕೊಂಡು ಬಾ, ತೋರಸ್ತೀನಿ" ಎಂದು ಹೇಳಿ ಹೋದ.

ಅಂದು ಮಧ್ಯಾಹ್ನ ಚೌಕದಲ್ಲಿ ಹೆಂಗಸರೆಲ್ಲ ಕೂತಿದ್ದರು. ಒಬ್ಬೊಬ್ಬರೂ ಒಂದೊಂದು ಸುದ್ದಿ ತಂದಿದ್ದರು. ನನ್ನ ಬಳಿ ಏನೂ ಇರಲಿಲ್ಲ. ಕಾಕೂ ನನ್ನ ಕಡೆ ತಿರುಗಿ, "ನಿನ್ನ ಅಣ್ಣ ಕ್ಯಾಂಪಿನಲ್ಲೇ ಇರುತ್ತಾನಲ್ಲವೇ? ಅಲ್ಲಿ ಏನು ನಡೆದಿದೆ?" ಎಂದು ಕೇಳಿದರು. ಎಲ್ಲ ಮುಖಗಳೂ ನನ್ನತ್ತ. ನಾನು ದನಿ ತಗ್ಗಿಸಿ, "ದರ್ಜಿಯ ಹಿತ್ತಲಲ್ಲಿ ಬಿದಿರು ಕೂಡಿಸಿ ಇಟ್ಟಿದ್ದಾರಂತೆ. ಕಾಲಿಡಲು ಜಾಗವಿಲ್ಲದಷ್ಟು" ಎಂದೆ.

ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಾಬೂತಕ್ಕೆ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ "ಅಷ್ಟೇನಾ" ಎಂದು ಅವರ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಅವು ಇನ್ನೊಂದು ಗಳಿಗೆ ನನ್ನ ಮೇಲೆ ಇರಲಿ ಎನಿಸಿತು. ಕಾಕೂ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಆಮಚೀ ಕಾನಡೀ ಶಹಾಣೀ ಆಹೇ" ಎಂದರು. ನಮ್ಮ ಕಾನಡಿ ಜಾಣೆ ಎಂದು.

ಮಾತು ಚೌಕ ದಾಟಿ ಗಲ್ಲಿಗೆ ಹೋಯಿತು. ಮರಳಿ ನಮ್ಮ ನಳದ ಹತ್ತಿರ ಬರುವ ಹೊತ್ತಿಗೆ ಬಿದಿರು ಲಾಠಿಯಾಗಿತ್ತು, ಅದರ ತುದಿಗೆ ಕಬ್ಬಿಣ ಹತ್ತಿತ್ತು. ಯಾವ ರಾತ್ರಿ ಪೇಟೆಯ ಮೇಲೆ ಬೀಳುತ್ತಾರೆ ಎಂಬುದೂ ಗೊತ್ತಾಗಿತ್ತು. ನಿಜ ಹೇಳುತ್ತೇನೆ, ಅದನ್ನು ಕೇಳಿ ನನಗೂ ಹೆದರಿಕೆಯಾಯಿತು. ನನ್ನ ಬಾಯಿಂದ ಹೊರಟ ಮಾತೇ ಬೇರೆಯವರ ಬಾಯಲ್ಲಿ ಬಂದಾಗ ನಂಬಿದೆ.

ಪೇಟೆಯ ಹುಡುಗರ ಗುಂಪೊಂದು ದರ್ಜಿಯ ಹಿತ್ತಲಿಗೆ ನುಗ್ಗಿತು. ಅರ್ಧ ಕಟ್ಟಿದ ಡೋಲಿಯನ್ನು ಮುರಿಯಿತು. ಅಣ್ಣ ಅಡ್ಡ ನಿಂತು, ಇದು ತಾಬೂತ, ಕಾಗದದ ಆಟ, ನೋಡಿರಿ ಎಂದು ಮರಾಠಿಯಲ್ಲೇ ಹೇಳಿದನಂತೆ. ನೀನು ಯಾರು ಎಂದರು. ಅಣ್ಣ ಫಕೀರ ಸೇರಿದ ತನ್ನ ಹೆಸರನ್ನೇ ಹೇಳಿದ. ಬೇರೆ ಹೆಸರು ಹೇಳಬಹುದಿತ್ತು. ಆ ಬಿದಿರಿನಿಂದಲೇ ಹೊಡೆದರು. ಪೊಲೀಸರು ಬಂದು, ಬಡಿಗೆ ಕೂಡಿಸಿಟ್ಟ ಆರೋಪದ ಮೇಲೆ ದರ್ಜಿಯನ್ನು ಹಿಡಿದುಕೊಂಡು ಹೋದರು.

ಪಕ್ಕೆಲುಬು ಮುರಿದಿದ್ದ ಅಣ್ಣನನ್ನು ನೋಡಿಕೊಂಡವಳು ದರ್ಜಿಯ ಹೆಂಡತಿ. ನಾನು ಹೋಗಲಿಲ್ಲ. ಕ್ಯಾಂಪಿಗೆ ಹೋಗುವ ದಿನಗಳಲ್ಲ ಎಂದು ಯಜಮಾನರು ಅಂದರು. ನನಗೆ ಅಂಥದೇ ಒಂದು ಮಾತು ಬೇಕಾಗಿತ್ತು.

ಸಂಕ್ರಾಂತಿಯ ದಿನ ಅಣ್ಣ ತಾನೇ ಬಂದ. ಗೋಡೆ ಹಿಡಿದುಕೊಂಡು ನಡೆದು, ನನ್ನ ಎದುರಿಗೆ ಕೂತ. ಬಹಳ ಹೊತ್ತು ಉಸಿರು ತೆಗೆದುಕೊಂಡ.

"ಬಿದಿರ ಅದಾವ ಅಂತ ನಾ ಹೇಳಿದ್ದು ನಿನ್ನ ಮುಂದ ಒಬ್ಬಾಕಿ ಮುಂದ" ಎಂದ. "ಡೋಲಿ ಅನ್ನೋ ಮಾತು ಎಲ್ಲಿ ಹೋತವ್ವಾ?"

ನಾನು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಆದದ್ದಾತು. ಅಳಬ್ಯಾಡ. ನನ್ನ ಒಂದ ಕೆಲಸಾ ಮಾಡು. ವಕೀಲರ ಹೇಣ್ತಿ ಮುಂದ ಹೋಗಿ, ಬಿದಿರ ತಾಬೂತಕ್ಕ ತಂದಿದ್ರು, ನಾ ಅರ್ಧಾ ಹೇಳಿದ್ದೆ ಅನ್ನು. ವಕೀಲರು ಪೊಲೀಸ ಚೌಕಿಗೆ ಒಂದು ಮಾತು ಹೇಳಿದ್ರ ಆ ದರ್ಜಿ ಮನಿಗೆ ಬರ್ತಾನ. ಅವನ ಮಕ್ಕಳು ಉಪಾಸ ಅದಾವ. ನಾ ಹೇಳಿದ್ರ ನಂಬೂದಿಲ್ಲ. ನೀ ಅವರಾಕಿ ಆಗೀದಿ, ನಿನ್ನ ಮಾತು ನಂಬ್ತಾರ."

ಹೋದೆ. ಕಾಕೂ ಮನೆಯಲ್ಲಿ ಹಳದಿಕುಂಕುಮ ನಡೆದಿತ್ತು. ವಾಡೆಯ ಹೆಂಗಸರೆಲ್ಲ ಇದ್ದರು. ನನ್ನನ್ನು ಕಂಡು ಕಾಕೂ, "ಬಾ ಬಾ, ನಿನಗೇ ಕಾಯುತ್ತಿದ್ದೆ" ಎಂದು ಕೈಹಿಡಿದು ಕೂಡಿಸಿ, ಎಲ್ಲರಿಗಿಂತ ಮೊದಲು ನನ್ನ ಹಣೆಗೆ ಕುಂಕುಮ ಹಚ್ಚಿದರು. ಅಂಗೈಯಲ್ಲಿ ಎಳ್ಳುಬೆಲ್ಲ ಇಟ್ಟು, ಎಲ್ಲರಿಗೂ ಹೇಳುವಂತೆ, ಸಿಹಿ ಮಾತಾಡು ಎಂದರು. ನಾನು ಬಾಯಿ ತೆರೆದೆ. "ಎಳ್ಳು ಚೆನ್ನಾಗಿ ಹುರಿದಿದ್ದೀರಿ" ಎಂದೆ.

ಮನೆಗೆ ಬಂದು ಅಣ್ಣನಿಗೆ "ಹೇಳಿ ಬಂದೆ" ಎಂದೆ. ಅವನ ಮುಖ ಅರಳಿತು. ತಲೆ ಸವರಿ ಹೋದ.

ಆಮೇಲೆ ಒಮ್ಮೆ ಬಂದಿದ್ದ. "ಹೇಳಿದ್ಯಲ್ಲಾ, ಮತ್ತ ಅವ ಇನ್ನೂ ಯಾಕ ಒಳಗದಾನ?" ಎಂದು ಕೇಳಿದ. "ನನಗೇನು ಗೊತ್ತು" ಎಂದು ರೇಗಿದೆ. ತಪ್ಪು ನನ್ನದು, ಸಿಟ್ಟು ಅವನ ಮೇಲೆ. ಅಷ್ಟೇ ಅಲ್ಲ, ಆ ದಿನಗಳಲ್ಲಿ ನನಗೆ ಎಂದೂ ಕಾಣದ ಆ ದರ್ಜಿಯ ಮೇಲೂ ದ್ವೇಷ ಹುಟ್ಟಿತ್ತು. ನಾನು ಕೆಡಿಸಿದವನು ಕೆಟ್ಟವನೇ ಆಗಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಹಾಗಾಗಿ ಅವನನ್ನು ದಿನಕ್ಕೊಂದಿಷ್ಟು ಕೆಟ್ಟವನನ್ನಾಗಿ ಮಾಡುತ್ತ ಹೋದೆ. ಅಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಹಮಾಲನ ಮುಖ ನೋಡಿದ್ದನಲ್ಲ, ಹಾಗೆಯೇ ನೋಡಿರಬೇಕು. ಚಪ್ಪಲಿ ಮೆಟ್ಟಿದ. ಮತ್ತೆ ಬರಲಿಲ್ಲ.

ಹೋಳಿಯ ಹೊತ್ತಿಗೆ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ಅದೇ ಖೋಲಿಯಲ್ಲಿ ತೀರಿಕೊಂಡ. ದರ್ಜಿ ಆಗಲೂ ಒಳಗೇ ಇದ್ದ. ಅವನ ಹೆಂಡತಿ ನಮಗೆ ಹೇಳಿಕಳಿಸಿದಳು. ನಾವು ಹೋದಾಗ ಬಾಗಿಲಲ್ಲಿ ಸರಿದು ನಿಂತು, "ನಿಮ್ಮ ಪದ್ಧತಿ ನೀವು ಮಾಡಿರಿ, ನಾನು ಬಾಯಿಗೆ ನೀರಷ್ಟೇ ಬಿಟ್ಟಿದ್ದೇನೆ" ಎಂದು ಹಿಂದೂಸ್ತಾನಿಯಲ್ಲಿ ಹೇಳಿದಳು. ಅವಳಿಗೂ ನಾನು ಏನೂ ಹೇಳಲಿಲ್ಲ.

ಮರುದಿನ ಕಾಕೂ ವಾಡೆಯ ಹೆಂಗಸರೊಂದಿಗೆ ನನ್ನ ಬಿಡಾರಕ್ಕೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಹೊಸ್ತಿಲು ದಾಟಿದ್ದು ಅದೇ ಮೊದಲು. ನನ್ನನ್ನು ಎದೆಗೆ ಒರಗಿಸಿಕೊಂಡು, "ಆ ಜನರ ನಡುವೆ ಇದ್ದರೆ ಇನ್ನೇನಾಗುತ್ತದೆ ಮಗಳೇ? ಅವರೇ ಹೊಡೆದು ಕೊಂದರು. ಹೌದಲ್ಲವೇ?" ಎಂದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು.

ನಾನು ಹೌದೆಂದೆ.

ಆ ಗಲ್ಲಿಯಲ್ಲಿ ಇಂದಿಗೂ ನನ್ನ ಅಣ್ಣ ಸತ್ತದ್ದು ಮುಸಲ್ಮಾನರ ಕೈಯಿಂದ. ಯಾರಾದರೂ ಅನುಮಾನಿಸಿದರೆ, ಸ್ವಂತ ತಂಗಿಯೇ ಹೇಳಿದ್ದಾಳೆ ಎನ್ನುತ್ತಾರೆ.