ಬಿಸಿಲಿನ ಕಡೆ ನಿಂತವಳು

ಶಿಶುವಿಹಾರದ ಅಂಗಳದಲ್ಲಿ ಒಂದು ದೊಡ್ಡ ಮರ, ಮರದ ಬುಡದಲ್ಲಿ ಒಬ್ಬಳು ಆಯಾ. ಮಕ್ಕಳು ಅವಳನ್ನು ನೆರಳಜ್ಜಿ ಎಂದು ಕರೆಯುತ್ತಿದ್ದರು. ಮದುವೆಯೇ ಆಗದವಳಿಗೆ ಮೊಮ್ಮಕ್ಕಳೆಲ್ಲಿಂದ ಬರಬೇಕು! ಆದರೆ ಮೂರು ವರ್ಷದವರಿಗೆ ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡರೆ ಸಾಕು, ಅಜ್ಜಿಯ ಪಟ್ಟ ಕಟ್ಟಿಬಿಡುತ್ತಾರೆ.

ಬೆಳಿಗ್ಗೆ ಮಕ್ಕಳು ಹೊರಗೆ ಬರುವ ಮೊದಲು ಅವಳು ಸೊಂಟ ಬಗ್ಗಿಸಿ, ನೆರಳಿನ ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಗೆರೆಯೊಳಗೆ ಆಟ, ಮರಳಿನ ಗುಂಡಿ, ನೀರಿನ ಹೂಜಿ. ಆಚೆಗೆ ಬಿಸಿಲು. ಬಿಸಿಲು ಸರಿದಂತೆ ಹಳೆಯ ಗೆರೆಯನ್ನು ಕಾಲಲ್ಲಿ ಒರೆಸಿ ಹೊಸದು ಎಳೆಯುವಳು. ಮಕ್ಕಳು ಟೋಪಿ ಹಾಕಿಕೊಂಡು ಬಾಯಿ ತೆರೆದು ನೋಡುವರು. ಅವಳೇ ನೆರಳನ್ನು ಚಾಪೆಯ ಹಾಗೆ ಎಳೆದು ತರುತ್ತಾಳೆಂದು ಅವರ ನಂಬಿಕೆ. ಅಲ್ಲವೆಂದು ಹೇಳುವ ಗೋಜಿಗೆ ಅವಳು ಹೋಗಲಿಲ್ಲ. ಅಷ್ಟು ದೊಡ್ಡಸ್ತಿಕೆ ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ?

"ಗೆರೆ ದಾಟಿದೋರಿಗೆ ಆಟ ಇಲ್ಲ" ಎಂಬುದು ಅವಳ ಕಾನೂನು. ತಾನು ಮಾತ್ರ ಗೆರೆಯ ಆಚೆ, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಓಡಿಬಂದವರನ್ನು ಹಿಡಿಯಲು. ಎಲೆಗಳ ಸದ್ದು ಕೇಳುತ್ತ ನಿಂತಲ್ಲೇ ಅರೆನಿದ್ದೆ ಹತ್ತುತ್ತಿತ್ತು. ಆಗ ಅಂಗಳವೆಲ್ಲ ತಿಳಿನೀರಿನ ಕೆರೆಯಾಗಿ, ಮಕ್ಕಳು ಅದರ ತಳದಲ್ಲಿ ಮೆಲ್ಲಗೆ ಈಜುತ್ತಿದ್ದಂತೆ ಕಾಣುತ್ತಿತ್ತು. ಅವಳ ಜೀವನದಲ್ಲಿ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ.

ಒಂದು ಸಂಜೆಯ ಗಾಳಿಗೆ ಮರ ಉರುಳಿತು. ಎರಡು ದಿನ ಗರಗಸದ ಸದ್ದು, ಆಮೇಲೆ ಅಂಗಳದಲ್ಲಿ ಬರೀ ಆಕಾಶ.

ಮರುದಿನ ಮೋಡ ಕವಿದಿತ್ತು. ನೆರಳಿಗೂ ಬಿಸಿಲಿಗೂ ವ್ಯತ್ಯಾಸವೇ ಇಲ್ಲದ ಬೂದು ಬೆಳಗು. ನೆರಳಜ್ಜಿ ಎಂದಿನಂತೆ ಗೆರೆ ಎಳೆದಳು, ಇಲ್ಲದ ಮರದ ನೆರಳಿಗೆ. ಕೈಗೆ ಆ ದಾರಿ ಬಾಯಿಪಾಠವಾಗಿತ್ತು ನೋಡಿ, ಕಣ್ಣನ್ನು ಕೇಳಲೇ ಇಲ್ಲ. ಮಕ್ಕಳೂ ನಂಬಿ ಗೆರೆಯೊಳಗೆ ಕುಳಿತರು. ಅವಳು ಒಂದು ಮಗುವಿನ ತರಚಿದ ಮೊಣಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಮೋಡ ಒಡೆಯಿತು. ರಕ್ತ ನಿಲ್ಲಲಿಲ್ಲ, ಮಗು ಸುಮ್ಮನಾಗಲಿಲ್ಲ, ತಿರುಗಿ ಬರುವಷ್ಟರಲ್ಲಿ ತಡವಾಗಿತ್ತು. ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿ ಟೋಪಿ ತೆಗೆದು ಅದರಲ್ಲಿ ಮರಳು ತುಂಬುತ್ತ ಕುಳಿತೇ ಇದ್ದಳು. ಮುಖ ಕೆಂಡವಾಗಿತ್ತು. ಎತ್ತಿಕೊಂಡರೆ ವಾಂತಿ ಮಾಡಿದಳು.

ಎರಡು ದಿನದಲ್ಲಿ ಮಗು ಚೇತರಿಸಿಕೊಂಡಿತು. ಆದರೆ ಗುಬ್ಬಿಯ ತಾಯಿ ಬಾಗಿಲಲ್ಲೇ ನಿಂತು, "ನಮ್ಮ ಮಗು ಇನ್ನು ಹೊರಗೆ ಹೋಗೋದು ಬೇಡ. ನಿಮ್ಮನ್ನ ನಂಬಿದ್ವಿ" ಎಂದಳು. ಶಿಶುವಿಹಾರ ನಡೆಸುವ ಮೇಡಂ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. "ನೆರಳಾಗೋವರೆಗೂ ಅಂಗಳ ಬಂದ್" ಎಂದಷ್ಟೇ ಹೇಳಿ ಹಿಂಬಾಗಿಲಿಗೆ ಚಿಲಕ ಹಾಕಿದರು. ಒಳಗೆ ಇಪ್ಪತ್ತು ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ನಿಂತರು.

ಅವಳ ತಂಗಿ ಬಟ್ಟೆ ಹೊಲಿಯುವವಳು. ಅಕ್ಕ ತಂಗಿ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹೊಲಿಗೆ ಯಂತ್ರದ ಕಟಕಟದಲ್ಲಿ ಬಾಳಿದವರು. ಶಿಶುವಿಹಾರದ ಹಳೆಯ ಹಾಸಿಗೆ ಹೊದಿಕೆಗಳನ್ನು ನೆರಳಿನ ಚಪ್ಪರಕ್ಕೆಂದು ಅಕ್ಕ ತಂದು ಸುರಿದಾಗ ತಂಗಿ ಒಂದನ್ನು ದೀಪಕ್ಕೆ ಹಿಡಿದಳು.

"ಅಕ್ಕಾ, ಇದರಲ್ಲಿ ನನ್ನ ಐದು ಬೆರಳೂ ಕಾಣ್ತಿವೆ. ಬಿಸಿಲಿಗೇನು ಕಣ್ಣಿಲ್ವಾ? ಎರಡು ಪದರ ಹಾಕ್ಬೇಕು."

"ಹಾಕೇ, ನಿನ್ನ ದಮ್ಮಯ್ಯ."

"ನಿನ್ನ ಮರ ಬಿದ್ರೆ ನನ್ನ ಸೊಂಟ ಮುರೀಬೇಕು!" ಎಂದು ಗೊಣಗಿದರೂ ತಂಗಿ ಅಂಚಿಗೆಲ್ಲ ದಪ್ಪ ಪಟ್ಟಿ ಕೊಟ್ಟು ಹೊಲಿದಳು. ಆ ವಾರ ನೆರಳಜ್ಜಿಯ ಕನಸಿನಲ್ಲಿ ಮರ ನಡೆದುಕೊಂಡು ಬಂದು ಕಿಟಕಿಯ ಹೊರಗೆ ನಿಲ್ಲುತ್ತಿತ್ತು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ.

ಕಂಬ ನೆಟ್ಟು, ಹಗ್ಗ ಬಿಗಿದು, ಬಟ್ಟೆಯನ್ನು ಮರಳಿನ ಗುಂಡಿಯ ನೆತ್ತಿಗೆ ಸರಿಯಾಗಿ ಕಟ್ಟಿದರು. ಮೇಡಂ ಚಿಲಕ ತೆಗೆದರು. ಎಷ್ಟೋ ಬೇಡಿಕೊಂಡ ಮೇಲೆ ಗುಬ್ಬಿಯ ತಾಯಿಯೂ, ತಾನು ಕಣ್ಣಾರೆ ನೋಡಿದರೆ ಮಾತ್ರ ಎಂದು, ಬಂದು ಗೇಟಿನ ಬಳಿ ನಿಂತಿದ್ದಳು. ನೋಡಿದರೆ ಬಟ್ಟೆ ಗುಂಡಿಯ ಮೇಲಿದೆ, ಗುಂಡಿಯಲ್ಲಿ ಮಾತ್ರ ಬಿಸಿಲು ಧಗಧಗ! ಬೆಳಗಿನ ಓರೆ ಬಿಸಿಲಿಗೆ ನೆರಳು ಅಷ್ಟು ದೂರ, ಗೋಡೆಯ ಪಕ್ಕದ ಖಾಲಿ ಜಾಗದಲ್ಲಿ ಬಿದ್ದಿತ್ತು. ಗೆರೆ ಎಷ್ಟು ಸರಿದರೂ ಗುಂಡಿಗೆ ನೆರಳು ತಪ್ಪಿಸದ ಅಗಲವಾದ ಮರದಡಿ ಬದುಕಿದವಳಿಗೆ ನೆರಳು ಓರೆಯಾಗಿ ಬೀಳುತ್ತದೆಂಬುದೇ ಮರೆತುಹೋಗಿತ್ತು. ಇನ್ನು ಚಿಲಕ ಬಿದ್ದಂತೆಯೇ ಎಂದುಕೊಂಡಳು.

ಗುಬ್ಬಿ ಟೋಪಿಯ ಪಟ್ಟಿಯನ್ನು ಗಲ್ಲದಡಿ ಬಿಗಿಮಾಡಿಕೊಂಡಳು. ಗುಂಡಿಯನ್ನೂ ನೋಡಿದಳು, ಗೋಡೆಯ ಪಕ್ಕವನ್ನೂ ನೋಡಿದಳು. ತನ್ನ ಪುಟ್ಟ ಬಕೆಟ್ಟು ಎತ್ತಿಕೊಂಡು ನೇರ ನೆರಳಿಗೆ ಹೋಗಿ ಕುಳಿತಳು. "ಇಲ್ಲಿದೆ ಅಜ್ಜೀ!" ಉಳಿದವರೂ ಬಕೆಟ್ಟು ಹಿಡಿದು ಹಿಂದೆಯೇ ಓಡಿದರು. ಮೇಡಂ ನಕ್ಕುಬಿಟ್ಟರು. "ಮರಳನ್ನೇ ಅಲ್ಲಿಗೆ ಹೊತ್ತರಾಯ್ತು ಬಿಡಿ. ಅಲ್ಲಿವರೆಗೆ ಚಾಪೆ ಹಾಸಿ."

ನೆರಳಜ್ಜಿ ಸೀಮೆಸುಣ್ಣ ತೆಗೆದಳು. ಈ ಸಲ ಕೈಯ ಮಾತು ಕೇಳಲಿಲ್ಲ. ಬಹಳ ಹೊತ್ತು ನೆಲ ನೋಡಿ, ಇರುವ ನೆರಳಿಗೆ ಗೆರೆ ಎಳೆದಳು. ಎಳೆದು, ಎಂದಿನಂತೆ ಆಚೆ ನಿಂತಳು.

"ಅಜ್ಜೀ, ನೀನು ಗೆರೆ ದಾಟಿದೀಯ" ಎಂದಳು ಗುಬ್ಬಿ. "ನಿಂಗೆ ವಾಂತಿ ಆಗತ್ತೆ. ಬಾ ಒಳಗೆ."

"ನಂಗೇನಾಗಲ್ಲ ಪುಟ್ಟಾ. ಯಾರಾದ್ರೂ ಇಲ್ಲಿ ನಿಲ್ಲಬೇಕಲ್ವಾ?"

ಗುಬ್ಬಿ ತುಟಿ ಉಬ್ಬಿಸಿದಳು. ಅಷ್ಟರಲ್ಲಿ ಗೇಟಿನಿಂದ ತಾಯಿ ನಡೆದು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆರಳಜ್ಜಿಯ ಭುಜ ಮುಟ್ಟಿ, "ನೀವು ಕೂತ್ಕೊಳ್ಳಿ. ಸ್ವಲ್ಪ ಹೊತ್ತು ನಾನು ನಿಂತಿರ್ತೀನಿ" ಎಂದಳು.

ನೆರಳಜ್ಜಿ ಗೆರೆ ದಾಟಿ ಒಳಗೆ ಬಂದು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತಳು. ಬೆನ್ನು ತಣ್ಣಗಾಯಿತು. ಗುಬ್ಬಿ ತನ್ನ ಬಕೆಟ್ಟನ್ನು ಅವಳ ಮಡಿಲಲ್ಲಿಟ್ಟಳು.