ಬತ್ತಳಿಕೆಯ ಮೇಲೆ ಯಾರ ಹೆಸರು

ಕಳೆದ ತಿಂಗಳು ಮಗಳಿಗೆ ಬೂಟು ಕೊಡಿಸಲು ನಾವಿರುವ ಕೊಲ್ಲಿ ದೇಶದ ಫಿಂಟಾಸಿನಲ್ಲಿ ಒಂದು ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋಗಿದ್ದೆ. ಬೂಟಿನ ಸಾಲಿನ ಆಚೆ, ಗೋಡೆಯ ಮೇಲೆ, ಚರ್ಮದ ಉದ್ದನೆಯ ಚೀಲವೊಂದು ತೂಗುತ್ತಿತ್ತು. ಒಂದು ತುದಿ ಸಪೂರ, ಇನ್ನೊಂದು ಅಗಲ, ಬಾಯಿಗೆ ಮಡಚಿಕೊಳ್ಳುವ ಮುಚ್ಚಳ. ಹೊಸ ಚರ್ಮದ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲು ಅಲ್ಲೇ ನಿಂತಿತು. ಅದು ಬತ್ತಳಿಕೆ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ, ಇದನ್ನು ರೂಪಿಸಿದವರು ಇಂಥವರು ಎಂದು ನಮ್ಮ ಹಳೆಯ ಮ್ಯಾನೇಜರರ ಹೆಸರು ಅಚ್ಚಾಗಿತ್ತು.

ನಾನು ಎಷ್ಟು ಜೋರಾಗಿ ಉಸಿರುಬಿಟ್ಟೆನೋ, ಮಗಳು ಅತ್ತಿತ್ತ ನೋಡಿ, "ಮಮ್ಮಾ, ಇಟ್ಸ್ ಜಸ್ಟ್ ಎ ಬ್ಯಾಗ್" ಎಂದಳು. ಬರೀ ಚೀಲವಂತೆ. ಆ ಸಿಟ್ಟಿನಲ್ಲಿ ಬೂಟನ್ನೂ ಕೊಳ್ಳದೆ ಹೊರಗೆ ಬಂದೆ.

ಆಫೀಸಿನಲ್ಲಿ ಕಾಗದ ಟೈಪು ಮಾಡುವ ಮಂಗಳೂರಿನ ಹೆಂಗಸಿಗೂ ಬಾಣದ ಚೀಲಕ್ಕೂ ಎಂತ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳದೆ ಒಂಬತ್ತು ವರ್ಷ ಆಯಿತು, ಅದೇ ತಪ್ಪು.

ಶೀನಣ್ಣ ನಮ್ಮ ಕಂಪನಿಯ ಟೀ ಬಾಯ್. ಬಾಯ್ ಅಂದರೆ ಆಗಲೇ ಐವತ್ತೆರಡು ವರ್ಷ, ಇಬ್ಬರು ಮೊಮ್ಮಕ್ಕಳು. ಈ ಊರಿನಲ್ಲಿ ತಲೆ ಪೂರ್ತಿ ಬೆಳ್ಳಗಾದರೂ ಟೀ ತರುವವನು ಬಾಯೇ. ಮೊದಲು ಅವರು ರಿಫೈನರಿಯಲ್ಲಿ ಕಬ್ಬಿಣದ ಅಟ್ಟಣಿಗೆ ಕಟ್ಟುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಕೈಗೆ ಟ್ರೇ ಬಂತು. ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಕಾಡಂಚಿನವರು. ಮಂಗಫಿನ ಕೋಣೆಯಿಂದ ಕಂಪನಿ ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಬಂದು ನೀರು ಕುದಿಯಲಿಡುತ್ತಿದ್ದರು. ನನ್ನನ್ನು, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಕ್ರಮದಂತೆ, ಬಾಯಮ್ಮ ಎನ್ನುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಮುಖ ಸಿಂಡರಿಸುವ ಸಂಬಂಧಕ್ಕೆ ಎಷ್ಟು ಅಣ್ಣತನ ಸಾಕೋ ಅಷ್ಟೇ.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಎಲ್ಲೋ ತಂಪು ದೇಶದವರು. ಅವರಿಗೆ ಬಿಲ್ಲಿನ ಹುಚ್ಚು. ಗಾಲಿ, ತಂತಿ, ದುರ್ಬೀನು ಇರುವ ಈಗಿನ ಬಿಲ್ಲಲ್ಲ, ಬರೀ ಮರದ್ದು. ವರ್ಷಕ್ಕೊಮ್ಮೆ ರಜೆಯಲ್ಲಿ ತಮ್ಮ ದೇಶಕ್ಕೆ ಹೋಗಿ, ಪರವಾನಗಿ ಪಡೆದು, ಅದರಲ್ಲೇ ಜಿಂಕೆ ಬೇಟೆಯಾಡುವುದು. ಬೇಟೆಯಾಡುವುದು ಎಂದೆನಲ್ಲ, ಮೂರು ವರ್ಷ ಹೋಗಿ ಮೂರು ವರ್ಷವೂ ಬರಿಗೈಯಲ್ಲಿ ಬಂದಿದ್ದರು. ತಪ್ಪು ತಮ್ಮದಲ್ಲ, ಬಾಣ ಒಯ್ಯುವ ಚೀಲದ್ದು ಎಂದು ಅವರ ಸಿದ್ಧಾಂತ.

ಹಾಗೆ ಒಂದು ಚಳಿಗಾಲವಿಡೀ ನಮ್ಮ ಆಫೀಸಿನಲ್ಲಿ ಬತ್ತಳಿಕೆಯ ಪರೀಕ್ಷೆ ನಡೆಯಿತು. ಮೊದಲು ಬೆನ್ನಿಗೆ ಹಾಕುವುದು ಬಂತು, ನಾಟಕದ ಅರ್ಜುನನ ಹಾಗೆ. ನೋಡಲು ಚಂದ. ಮುದೀರ್ ಕಾರಿಡಾರಿನಲ್ಲಿ ಬಗ್ಗಿ ನಡೆದರೆ ಬಾಣಗಳೆಲ್ಲ ತಲೆಯ ಮೇಲಿಂದ ಜಾರಿ ನೆಲಕ್ಕೆ. ಆಮೇಲೆ ಬಿಲ್ಲಿಗೇ ಸಿಕ್ಕಿಸುವುದು ಬಂತು. ಹೂವಿನಂತಿದ್ದ ಮರದ ಬಿಲ್ಲು ಭಾರವಾಗಿ ಒಂದು ಕಡೆಗೆ ವಾಲಿತು. ಮೂರನೆಯದು ಸೊಂಟದ್ದು. ಅದು ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿದು, ಎದುರು ಬಂದ ಕುರ್ಚಿಗೆಲ್ಲ ಸಿಕ್ಕಿಹಾಕಿಕೊಂಡಿತು. ನಾನು ನೋಟ್ ಪುಸ್ತಕ ಹಿಡಿದು ಇದನ್ನೆಲ್ಲ ಗಂಭೀರವಾಗಿ ಬರೆದುಕೊಳ್ಳುತ್ತಿದ್ದೆ. ನಗು ಬಂದರೂ ನಗಲಿಲ್ಲ. ಇಕಾಮಾಕ್ಕೆ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿಗೆ, ಸಹಿ ಹಾಕಿಸುವವರು ಅವರೇ.

ಚಹಾ ತಂದ ಶೀನಣ್ಣ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಂದು ದಿನ ಲೋಟ ಇಡುತ್ತಾ ನನಗಷ್ಟೇ ಕೇಳುವಂತೆ ಹೇಳಿದರು: "ಅದು ಹಾಗಲ್ಲ ಬಾಯಮ್ಮ. ಕೈ ತಲೆಯಿಂದ ಮೇಲೆ ಹೋದರೆ ಪ್ರಾಣಿಗೆ ಕಾಣ್ತದೆ. ಮತ್ತೆ ಎಂತ ಬಾಣ ತೆಗೆಯುವುದು?"

ಮುದೀರ್ ಏನೆಂದು ಕೇಳಿದರು. ನಾನು ಅನುವಾದಿಸಿದೆ. ಅವರು ಶೀನಣ್ಣನನ್ನು ಅಂದು ಮೊದಲ ಸಲ ನೋಡಿದರೆಂದು ಕಾಣುತ್ತದೆ. ಎರಡು ವರ್ಷ ಅವರ ಚಹಾ ಕುಡಿದಿದ್ದರೂ.

ಶೀನಣ್ಣ ಎಳೆಯ ಪ್ರಾಯದಲ್ಲಿ ಅಜ್ಜನ ಜೊತೆ ಬಿಲ್ಲು ಹಿಡಿದು ಹಂದಿಗೆ ಹೋದವರು. ಆಮೇಲೆ ಕಾನೂನು ಬಂದು ಅದೆಲ್ಲ ನಿಂತುಹೋಯಿತು, ಬಿಲ್ಲು ಅಟ್ಟ ಸೇರಿತು. ಆದರೆ ಅಜ್ಜ ಹೇಳಿಕೊಟ್ಟದ್ದು ಕೈಯಲ್ಲಿ ಹಾಗೇ ಇತ್ತು. ಚೀಲ ಕಂಕುಳಡಿ ಅಡ್ಡಕ್ಕೆ ಇರಬೇಕು. ಗರಿ ಮುಂದಕ್ಕೆ, ಮೊನೆ ಹಿಂದಕ್ಕೆ. ಆಗ ಕೈ ಎದೆಯ ಹತ್ತಿರವೇ ಸರಿದು ಬಾಣ ಈಚೆಗೆ ಬರುತ್ತದೆ. ಪೊದೆಯಲ್ಲಿ ನುಗ್ಗುವಾಗ ಮೊಣಕೈಯಿಂದ ಒತ್ತಿಹಿಡಿದರೆ ಸದ್ದಿಲ್ಲ. ತಳಕ್ಕೆ ನಾರು ತುಂಬಿ ಮೊನೆಗಳನ್ನು ಅದರಲ್ಲಿ ನೆಡಬೇಕು, ಇಲ್ಲದಿದ್ದರೆ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತವೆ. ಮಳೆಗೆ ಗರಿ ಒದ್ದೆಯಾಗದಂತೆ ಮುಚ್ಚಳ ಬೇಕು. ಮತ್ತೆ ಐದೇ ಬಾಣ. ಹತ್ತು ಇದ್ದರೆ ಮೊದಲನೆಯದನ್ನು ಉದಾಸೀನದಿಂದ ಬಿಡುತ್ತೇವೆ ಎಂದು ಅಜ್ಜ ಹೇಳುತ್ತಿದ್ದರಂತೆ.

ಮುದೀರ್ ಮಾಡಿಕೊಡಲು ಹೇಳಿದರು. ಉಗ್ರಾಣದಲ್ಲಿ ಹರಿದ ಸೋಫಾ ಬಿದ್ದಿತ್ತು. ಶೀನಣ್ಣ ಅದರ ಚರ್ಮ ಸುಲಿದರು. ಕಾರು ನಿಲ್ಲಿಸುವ ಜಾಗದ ಖರ್ಜೂರದ ಮರದಿಂದ ನಾರು ಕಿತ್ತರು. ಎರಡು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅಡುಗೆಕೋಣೆಯ ಸಿಂಕಿನ ಪಕ್ಕ ಸ್ಟೂಲ್ ಹಾಕಿಕೊಂಡು, ಗೋಣಿಸೂಜಿಯಲ್ಲಿ ಹೊಲಿದರು. ನಾನು ಚಹಾ ತಡವಾಯಿತೆಂದು ಎರಡು ಸಲ ಗೊಣಗಿದ್ದೆ. ಅದೂ ನೆನಪಿದೆ.

ಒಂದು ಶನಿವಾರ ಬೆಳಿಗ್ಗೆ ಜಹ್ರಾದ ಆಚೆ, ಮುದೀರರ ಕ್ಲಬ್ಬಿನ ಅಭ್ಯಾಸದ ಬಯಲಿಗೆ ಹೋದೆವು. ನಾನು ಮಾತು ದಾಟಿಸಲು. ಶೀನಣ್ಣ ಬತ್ತಳಿಕೆಯನ್ನು ತಮ್ಮ ಕಂಕುಳಿಗೆ ಏರಿಸಿ, ಮುದೀರರಿಗೆ ಅತ್ತ ಮುಖ ಮಾಡಿ ನಿಲ್ಲಲು ಹೇಳಿದರು. ನಂತರ ಆ ನೋಯುವ ಮೊಣಕಾಲಿನಲ್ಲಿ, ಮುಳ್ಳುಪೊದೆಗಳ ನಡುವೆ ಬಗ್ಗಿ ಏಳುತ್ತಾ, ಅವರ ಹಿಂದಿನಿಂದ ನಡೆದು ಬಂದರು. ನಾನು ಕಣ್ಣಿಂದ ನೋಡುತ್ತಿದ್ದೆ, ಕಿವಿಗೆ ಏನೂ ಕೇಳಲಿಲ್ಲ. ಒಂದು ಮಾರು ದೂರದವರೆಗೆ ಬಂದು ಅವರು ಕೆಮ್ಮಿದಾಗ ಮುದೀರ್ ಬೆಚ್ಚಿದರು. ಆಮೇಲೆ ಶೀನಣ್ಣನ ಕೈ ಹಿಡಿದು ಕುಲುಕಿದರು. ಟ್ರೇ ಹಿಡಿದಾಗ ಸ್ವಲ್ಪ ಕುಗ್ಗಿರುತ್ತಿದ್ದ ಆ ಮನುಷ್ಯ ಎಷ್ಟು ಎತ್ತರ ಇದ್ದಾರೆ ಎಂದು ನನಗೆ ಅಂದು ಗೊತ್ತಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನಿಂದು ಬರೆಯಬೇಕಾಗಿರಲಿಲ್ಲ.

ಆ ವರ್ಷ ಮುದೀರರಿಗೆ ಜಿಂಕೆ ಸಿಕ್ಕಿತು. ಬಂದವರೇ ತಮ್ಮ ದೇಶದ ಬಿಲ್ಲುಗಾರರ ಪತ್ರಿಕೆಯೊಂದಕ್ಕೆ ಲೇಖನ ಹೇಳಿ ಬರೆಸಿದರು: ಮೂರು ವಿಧದ ಬತ್ತಳಿಕೆ ಹೇಗೆ ಸೋತವು, ತಾವು ಹೇಗೆ ಯೋಚಿಸಿ ಯೋಚಿಸಿ ನಾಲ್ಕನೆಯದನ್ನು ಕಂಡುಹಿಡಿದರು ಎಂದು. ಕಂಕುಳು, ಗರಿ, ನಾರು, ಐದು ಬಾಣ, ಎಲ್ಲ ಇತ್ತು. ನಾನು ಟೈಪು ಮಾಡುತ್ತಾ ಹೋದೆ. ಶೀನಣ್ಣನ ಹೆಸರು ಎಲ್ಲಿ ಬರಬೇಕು ಎಂದು ಒಮ್ಮೆ ಕೇಳಿದೆ. ಓದುವವರಿಗೆ ಅದರಿಂದ ಗೊಂದಲವಾಗುತ್ತದೆ ಎಂದರು. ನಾನು ಸರಿ ಸರ್ ಎಂದೆ. ಅಷ್ಟೇ. ಒಂದು ಗೊಂದಲವನ್ನು ನಿವಾರಿಸಿದ ಹೆಮ್ಮೆಯಲ್ಲಿ ಪುಟದ ಅಂಚು ಸರಿಮಾಡಿ ಅಚ್ಚುಹಾಕಿ ಕೊಟ್ಟೆ.

ಎರಡು ತಿಂಗಳ ಬಳಿಕ ಜನ ಕಡಿಮೆ ಮಾಡುವ ಪಟ್ಟಿ ಬಂತು. ಶೀನಣ್ಣನ ಇಕಾಮಾ ಮುಂದುವರಿಸುವುದಿಲ್ಲ, ಪ್ರಾಯವಾಯಿತು, ಕಾಲು ಸರಿಯಿಲ್ಲ ಎಂದಿತ್ತು. ಮುದೀರರ ಒಂದು ಮಾತು ಸಾಕಿತ್ತು. ಅವರು ಆ ಮಾತು ಆಡಲಿಲ್ಲ. ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಚೌಕಟ್ಟು ಹಾಕಿಸುವ ಗಡಿಬಿಡಿಯಲ್ಲಿದ್ದರು. ಶೀನಣ್ಣನನ್ನು ಕಳುಹಿಸುವ ಕಾಗದವನ್ನೂ ನಾನೇ ಟೈಪು ಮಾಡಿದೆ. ಅದರಲ್ಲಿ ಮಾತ್ರ ಅವರ ಹೆಸರು ಪೂರ್ತಿಯಾಗಿ, ಒಂದಕ್ಷರ ತಪ್ಪದೆ ಇತ್ತು.

ಮುದೀರರ ಮೇಲೆ ಸಿಟ್ಟಾಗುವುದು ಸುಲಭ. ಇಷ್ಟು ವರ್ಷ ಅದನ್ನೇ ಮಾಡಿದೆ. ಅವರು ಆಮೇಲೆ ಈ ದೇಶ ಬಿಟ್ಟು ಹೋದರು. ನನ್ನ ಸಿಟ್ಟು ಹೋಗಲಿಲ್ಲ. ಆದರೆ ಅಂಗಡಿಯಿಂದ ಬಂದ ಆ ಸಂಜೆ ಸಿಟ್ಟನ್ನು ಎಷ್ಟು ಹೊರಗೆ ತಳ್ಳಿದರೂ ತಿರುಗಿ ನನ್ನ ಹತ್ತಿರವೇ ಬಂದು ಕೂತಿತು. ಹಳೆಯ ಕೆಲಸಗಾರರಲ್ಲಿ ವಿಚಾರಿಸಿ ಶೀನಣ್ಣನ ನಂಬರು ಹುಡುಕಿದೆ.

ಅವರಿಗೆ ನನ್ನ ಗುರುತು ತಕ್ಷಣ ಸಿಕ್ಕಿತು. ಮೊಮ್ಮಗಳ ಮದುವೆಯ ಸುದ್ದಿ ಹೇಳಿದರು, ಇಲ್ಲಿಯ ಸೆಕೆಯ ಬಗ್ಗೆ ಕೇಳಿದರು. ನಾನು ಅಂಗಡಿಯ ವಿಷಯ ಹೇಳಿದೆ. ಲೇಖನದಲ್ಲಿ ಅವರ ಹೆಸರು ಬಿಟ್ಟು ಟೈಪು ಮಾಡಿದ್ದು ನಾನೇ ಎಂದೂ ಹೇಳಿದೆ. ಅವರಿಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ನನ್ನ ಎಣಿಕೆ.

"ಗೊತ್ತುಂಟು ಬಾಯಮ್ಮ," ಎಂದರು ಶೀನಣ್ಣ. "ನಿಮ್ಮ ಮೇಜಿನ ಮೇಲೆ ಚಹಾ ಇಡುವಾಗ ಆ ಕಾಗದ ಇತ್ತು. ನನಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಆದರೆ ನನ್ನ ಹೆಸರು ಹೇಗೆ ಬರೆಯುವುದು ಅಂತ ಸಿವಿಲ್ ಐಡಿ ಕಾರ್ಡು ನೋಡಿ ಗೊತ್ತಿತ್ತು. ಹುಡುಕಿದೆ. ಮೂರು ದಿನ ನಿಮಗೆ ಚಹಾ ಇಡುವಾಗೆಲ್ಲ ಹುಡುಕಿದೆ."

ಆ ಮೂರು ದಿನವೂ ನಾನು ಅವರ ಕೈಯಿಂದಲೇ ಚಹಾ ತೆಗೆದುಕೊಂಡಿದ್ದೆ. ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹೇಳದಿದ್ದುದೇ ನನಗೆ ಸಮಾಧಾನ. ಅಂಗಡಿಯಲ್ಲಿ ಕಂಡ ಆ ಚೀಲ ಮಾಡುವ ಕಂಪನಿಗೂ ಆ ಪತ್ರಿಕೆಗೂ ನಿಜ ಬರೆಯುತ್ತೇನೆ, ಹೆಸರು ಹೇಗೆ ಹಾಕಲಿ ಎಂದು ಕೇಳಿದೆ.

ಅವರು ಹೇಳಿದರು: "ಹಾಕುವುದಾದರೆ ಅಜ್ಜನದ್ದು ಹಾಕಿ. ಕುಂಞ ಅಂತ. ನಾನು ಹೊಲಿದದ್ದು ಮಾತ್ರ."

ಆ ಹೆಸರು ಇಂಗ್ಲಿಷಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ಹತ್ತಿರ ಅನಿಸಿದ್ದನ್ನು ಉಳಿಸಿಕೊಂಡೆ. ಅಜ್ಜ, ಮೊಮ್ಮಗ ಇಬ್ಬರ ಹೆಸರೂ ಬರೆದೆ. ಹಿಂದಿನ ಲೇಖನವನ್ನು ಟೈಪು ಮಾಡಿದವಳು ನಾನು, ಹೆಸರು ಬಿಟ್ಟದ್ದು ಗೊತ್ತಿದ್ದೇ ಎಂದು ಸೇರಿಸಿ, ನನ್ನ ಹೆಸರು, ಹುದ್ದೆ ಹಾಕಿ, ಹಳೆಯ ಮುದೀರರಿಗೂ ಒಂದು ಪ್ರತಿ ಕಳುಹಿಸಿದೆ.

ಉತ್ತರ ಯಾರಿಂದಲೂ ಬಂದಿಲ್ಲ. ದೂರು ಮಾತ್ರ ಎಲ್ಲಿಂದಲೋ ಬಂದಿರಬೇಕು, ಈ ವಾರ ಹೊಸ ಮುದೀರ್ ಕರೆದು, ಇದೆಲ್ಲ ನಿನಗೆ ಯಾಕೆ, ಬರೆದದ್ದು ತಪ್ಪಾಯಿತೆಂದು ಒಂದು ಸಾಲು ಕಳುಹಿಸಿಬಿಡು, ಖಲಾಸ್ ಎಂದರು. ಮಾತು ಮೃದುವಾಗಿಯೇ ಇತ್ತು. ನನ್ನ ಇಕಾಮಾ ಮುಂದಿನ ತಿಂಗಳು ಮುಗಿಯುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆ ಸಾಲು ಟೈಪು ಮಾಡುವುದಿಲ್ಲ ಸರ್ ಎಂದೆ. ಧ್ವನಿ ಕೇಳಿಸುವಷ್ಟು ಜೋರಾಗಿಯೇ ಇತ್ತು.